ಕಾವಳದಲ್ಲಿ ಹಳೆಯ ಕಾರಿನ ಬೆಳಕು: ಮಂಜುದೀಪಗಳ ಮೌಲ್ಯಮಾಪನದ ಒಂದು ಸಮೀಕ್ಷೆ

ಕಾವಳ ಕವಿದ ದಾರಿಯಲ್ಲಿ ಹತ್ತಿರದ ನೆಲ, ರಸ್ತೆಯಂಚು ಮತ್ತು ತಿರುವುಗಳು ಚಾಲಕನಿಗೆ ಕಾಣಲೆಂದು ಕಾರಿನ ಮುಂಭಾಗದಲ್ಲಿ ತಗ್ಗಾಗಿ ಕೂರಿಸುವ ಪ್ರತ್ಯೇಕ ದೀಪವನ್ನು ಮಂಜುದೀಪ ಎನ್ನಬಹುದು. ಗ್ಯಾರೇಜುಗಳಲ್ಲಿ ಅದು ಫಾಗ್ ಲ್ಯಾಂಪ್ ಎಂದೇ ಪರಿಚಿತ. ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ಕಾರುಗಳನ್ನು ಉಳಿಸಿಕೊಂಡು ಇಂದಿಗೂ ರಸ್ತೆಗಿಳಿಸುವವರು ಇಂಥ ದೀಪವನ್ನು ಆರಿಸುವಾಗ ಸಾಮಾನ್ಯವಾಗಿ ಎಷ್ಟು ವ್ಯಾಟ್, ಯಾವ ಬಣ್ಣ, ಯಾವ ಕಂಪನಿ ಎಂಬ ಮೂರು ಸಂಗತಿಗಳನ್ನು ವಿಚಾರಿಸುತ್ತಾರೆ. ಇವು ನಿರರ್ಥಕ ಪ್ರಶ್ನೆಗಳಲ್ಲವಾದರೂ ಮೊದಲ ಪ್ರಶ್ನೆಗಳೂ ಅಲ್ಲ. ಬೆಳಕಿನ ಭೌತಶಾಸ್ತ್ರ, ಹಳೆಯ ಕಾರುಗಳ ವಿದ್ಯುತ್ ವ್ಯವಸ್ಥೆ ಮತ್ತು ಕರ್ನಾಟಕದ ಕಾವಳದ ಸ್ವಭಾವ ಇವನ್ನು ಒಟ್ಟಿಗಿಟ್ಟು ನೋಡಿದರೆ, ಮಂಜುದೀಪದ ಯೋಗ್ಯತೆ ಅದು ಚೆಲ್ಲುವ ಬೆಳಕಿನ ಮೊತ್ತಕ್ಕಿಂತ ಹೆಚ್ಚಾಗಿ ಯಾವ ದಿಕ್ಕಿಗೆ ಬೆಳಕು ಹೋಗದಂತೆ ತಡೆಯುತ್ತದೆ ಎಂಬುದರಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಈ ವಿಚಾರವನ್ನು ಪರಿಶೀಲಿಸಲು ಪಶ್ಚಿಮ ಬೆಂಗಳೂರಿನ ಶ್ರೀಗಂಧದ ಕಾವಲ್ ಅನುಕೂಲವಾದ ನೆಲೆ. ಅದರ ಒಂದು ಕಡೆ ರಾಜಾಜಿನಗರ, ಕಾಮಾಕ್ಷಿಪಾಳ್ಯ ಮತ್ತು ಪೀಣ್ಯಗಳ ಸಣ್ಣ ಕೈಗಾರಿಕೆಗಳು, ಲೇತ್ ಅಂಗಡಿಗಳು, ಲೋಹಲೇಪನದ ಘಟಕಗಳು ಇವೆ. ಮತ್ತೊಂದು ಕಡೆ ಮಾಗಡಿ ರಸ್ತೆ ಸುಂಕದಕಟ್ಟೆಯನ್ನು ದಾಟಿ ತಾವರೆಕೆರೆಯತ್ತ, ಅರ್ಕಾವತಿಗೆ 1930ರ ದಶಕದ ಆರಂಭದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದ ಸೀಮೆಯತ್ತ ಸಾಗುತ್ತದೆ. ದೀಪವನ್ನು ದುರಸ್ತಿ ಮಾಡುವ ಕೈಗಳೂ ದೀಪದ ಅಗತ್ಯ ಬೀಳುವ ರಸ್ತೆಗಳೂ ಕೆಲವೇ ಮೈಲಿಗಳ ಅಂತರದಲ್ಲಿರುವುದರಿಂದ, ಪುಸ್ತಕದ ಸಿದ್ಧಾಂತವನ್ನು ಸ್ಥಳೀಯ ಅನುಭವದ ಜೊತೆ ಹೋಲಿಸಲು ಇಲ್ಲಿ ಅವಕಾಶವಿದೆ.

ಜ್ವಾಲೆಯಿಂದ ತಂತುವಿನವರೆಗೆ

ಶಿವನಸಮುದ್ರದ ಜಲವಿದ್ಯುತ್ತಿನಿಂದ 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಆದರೆ ಬೀದಿದೀಪದ ಸಾಲು ಮುಗಿದ ಕಡೆಯಿಂದಾಚೆಗೆ ಮೋಟಾರು ಕಾರು ತನ್ನ ದೀಪವನ್ನೇ ನಂಬಬೇಕಿತ್ತು, ಆ ದೀಪವೂ ಆಗ ವಿದ್ಯುತ್ತಿನದಾಗಿರಲಿಲ್ಲ. ಮೊದಲ ಕಾರುಗಳ ಎಣ್ಣೆದೀಪಗಳು ದಾರಿ ತೋರಿಸುವುದಕ್ಕಿಂತ ಕಾರು ಬರುತ್ತಿದೆ ಎಂದು ಸಾರಲು ಮಾತ್ರ ಸಾಕಾಗುತ್ತಿದ್ದವು. ಅವುಗಳ ಜಾಗಕ್ಕೆ ಬಂದ ಕಾರ್ಬೈಡ್ ದೀಪದಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ತುಂಡುಗಳ ಮೇಲೆ ನೀರು ಹನಿಹನಿಯಾಗಿ ಬಿದ್ದು ಅಸಿಟಿಲೀನ್ ಅನಿಲ ಹುಟ್ಟುತ್ತಿತ್ತು; ಒಂದು ಕಿಲೋ ಕಾರ್ಬೈಡಿನಿಂದ ಸುಮಾರು 300 ಲೀಟರ್ ಅನಿಲ ದೊರೆತು, ಅದು ಎಣ್ಣೆಯ ಜ್ವಾಲೆಗಿಂತ ಬಹಳ ಬಿಳುಪಾದ ಪ್ರಖರ ಜ್ವಾಲೆಯಾಗಿ ಉರಿಯುತ್ತಿತ್ತು. ವಿಮಾನದಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಹೆಸರಾದ ಲೂಯಿ ಬ್ಲೇರಿಯೋ ಅದಕ್ಕೆ ಮುಂಚೆ ಹಣ ಗಳಿಸಿದ್ದು ಇಂಥ ಅಸಿಟಿಲೀನ್ ಕಾರುದೀಪಗಳ ತಯಾರಿಕೆಯಿಂದ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಮುಂದೀಪಗಳೂ ಮೊದಲಿಗೆ ಅಸಿಟಿಲೀನ್‌ನವೇ ಆಗಿದ್ದು, 1915ರ ಮಾದರಿಯಿಂದ ವಿದ್ಯುತ್ತಿಗೆ ಬದಲಾದವು. ಆದರೂ ಆ ವಿದ್ಯುತ್ತನ್ನು ಎಂಜಿನ್ನಿಗೆ ಜೋಡಿಸಿದ ಮ್ಯಾಗ್ನೆಟೊ ನೀಡುತ್ತಿದ್ದುದರಿಂದ ಎಂಜಿನ್ ನಿಧಾನವಾದಾಗ ಬೆಳಕೂ ಮಂಕಾಗುತ್ತಿತ್ತು. ನಿಧಾನವಾಗಿ ಹೋಗಲೇಬೇಕಾದ ಕಾವಳದಲ್ಲಿ ಇದು ದೊಡ್ಡ ಕೊರತೆ.

ಜ್ವಾಲೆ ಎಷ್ಟೇ ಪ್ರಖರವಾದರೂ ಅದು ಅಗಲವಾದ, ಅಲುಗಾಡುವ ಮೂಲ. ಪ್ರತಿಫಲಕವು, ಅಂದರೆ ದೀಪದೊಳಗಿನ ಹೊಳಪಿನ ಬಟ್ಟಲು, ತನ್ನ ನಾಭಿಯಲ್ಲಿರುವ ಸಣ್ಣ ಬಿಂದುವಿನಿಂದ ಹೊರಟ ಬೆಳಕನ್ನು ಮಾತ್ರ ಸಮಾನಾಂತರ ಕಿರಣಗಳಾಗಿ ಒಂದು ದಿಕ್ಕಿಗೆ ತಿರುಗಿಸಬಲ್ಲದು. ಮೂಲ ದೊಡ್ಡದಾದಷ್ಟೂ ಕಿರಣದ ಅಂಚು ಕರಗಿ ಬೆಳಕು ಎಲ್ಲ ಕಡೆ ಸೋರುತ್ತದೆ. ವಿಲಿಯಂ ಕೂಲಿಜ್ 1910ರ ಸುಮಾರಿಗೆ ಟಂಗ್‌ಸ್ಟನ್ ಲೋಹವನ್ನು ಗಟ್ಟಿಯಾದ ತಂತಿಯಾಗಿ ಎಳೆಯುವ ವಿಧಾನ ಕಂಡುಹಿಡಿದದ್ದು ಮತ್ತು ಇರ್ವಿಂಗ್ ಲ್ಯಾಂಗ್ಮ್ಯೂರ್ 1913ರಲ್ಲಿ ಅನಿಲ ತುಂಬಿದ, ಸುರುಳಿ ತಂತುವಿನ ಬಲ್ಬನ್ನು ರೂಪಿಸಿದ್ದು ಮಂಜುದೀಪದ ಇತಿಹಾಸಕ್ಕೆ ನಿರ್ಣಾಯಕವಾದದ್ದು ಈ ಕಾರಣಕ್ಕಾಗಿ. ಸಣ್ಣ ಜಾಗದಲ್ಲಿ ಉರಿಯುವ ತಂತು ದೊರೆತ ಮೇಲೆ ಮೇಲಂಚು ಕತ್ತರಿಸಿದಂತಿರುವ ಕಿರಣವನ್ನು ರೂಪಿಸುವುದು ಸಾಧ್ಯವಾಯಿತು. ಲೂಕಾಸ್, ಬಾಷ್, ಮಾರ್ಷಲ್‌ನಂಥ ತಯಾರಕರ ಮಂಜುದೀಪಗಳು ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಪ್ರಚಾರಕ್ಕೆ ಬಂದುದರ ಹಿಂದೆ ಈ ತಾಂತ್ರಿಕ ಬುನಾದಿ ಇದೆ. ಆದ್ದರಿಂದ 1915ಕ್ಕಿಂತ ಹಿಂದಿನ ಕಾರಿಗೆ ಆ ಕಾಲದ್ದೇ ಆದ ಮಂಜುದೀಪ ಹುಡುಕುವುದು ಬಹುಮಟ್ಟಿಗೆ ಇಲ್ಲದ್ದನ್ನು ಹುಡುಕಿದಂತೆ. 1930ರ ದಶಕದ ಕಾರಿನ ವಿಷಯದಲ್ಲಿ ಮಾತ್ರ ಆ ಹುಡುಕಾಟಕ್ಕೆ ಅರ್ಥವಿದೆ.

ಕಾವಳದ ಸ್ವಭಾವ

ಗೋಚರತೆ, ಅಂದರೆ ಹಗಲಿನಲ್ಲಿ ವಸ್ತುವೊಂದನ್ನು ಗುರುತಿಸಬಹುದಾದ ದೂರ, ಒಂದು ಕಿಲೋಮೀಟರಿಗಿಂತ ಕಡಿಮೆಯಾದಾಗ ಹವಾಮಾನ ಶಾಸ್ತ್ರಜ್ಞರು ಅದನ್ನು ಮಂಜು ಅಥವಾ ಕಾವಳ ಎಂದು ಎಣಿಸುತ್ತಾರೆ. ಕರ್ನಾಟಕದಲ್ಲಿ ಎರಡು ಬಗೆಯ ಕಾವಳಗಳು ವಾಹನ ಚಾಲಕರಿಗೆ ಮುಖ್ಯ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಪ್ರಸ್ಥಭೂಮಿಯಲ್ಲಿ ಡಿಸೆಂಬರ್, ಜನವರಿಯ ಮೋಡವಿಲ್ಲದ, ಗಾಳಿ ನಿಂತ ರಾತ್ರಿಗಳಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣಿದು, ಅದಕ್ಕೆ ತಾಗಿದ ತೇವದ ಗಾಳಿ ಹನಿಗಟ್ಟುತ್ತದೆ. ತಂಪುಗಾಳಿ ತಗ್ಗಿಗೆ ಇಳಿಯುವುದರಿಂದ ಕೆರೆಯಂಗಳಗಳಲ್ಲಿ, ವೃಷಭಾವತಿಯಂಥ ಕಣಿವೆಗಳಲ್ಲಿ, ಮಾಗಡಿ ರಸ್ತೆಯ ಇಳಿಜಾರುಗಳಲ್ಲಿ ಅದು ತೆಳುಪದರವಾಗಿ ನಿಂತು ಬಿಸಿಲೇರಿದ ಮೇಲೆ ಕರಗುತ್ತದೆ. ಆಗುಂಬೆ, ಚಾರ್ಮಾಡಿ, ಮಡಿಕೇರಿಯ ಕಡೆಯದು ಬೇರೆ ಜಾತಿಯದು: ಮಳೆಗಾಲದಲ್ಲಿ ಘಟ್ಟವನ್ನೇರುವ ಕಡಲಗಾಳಿ ತಣಿದು ಮೋಡವಾಗಿ ಇಳಿಜಾರಿಗೆ ಅಂಟಿಕೊಳ್ಳುವುದರಿಂದ ಅಲ್ಲಿ ಕಾವಳವೂ ಮಳೆಯೂ ಒಟ್ಟಿಗಿರುತ್ತವೆ, ಹಗಲಿಡೀ ಉಳಿಯುತ್ತವೆ. ಮೊದಲನೆಯದರಲ್ಲಿ ದೀಪದ ಎತ್ತರವೂ ಎರಡನೆಯದರಲ್ಲಿ ಕಿರಣದ ಅಗಲವೂ ಹೆಚ್ಚು ಮುಖ್ಯವಾಗುತ್ತವೆ.

ಹನಿಗಳು ಬೆಳಕನ್ನು ಎಲ್ಲ ದಿಕ್ಕುಗಳಿಗೆ ಚೆದುರಿಸುವುದರಿಂದ ಎರಡು ತೊಂದರೆಗಳು ಒಟ್ಟಿಗೆ ಬರುತ್ತವೆ. ವಸ್ತುವಿನ ಕಡೆಗೆ ಹೋಗುವ ಬೆಳಕೂ ಅದರಿಂದ ಮರಳುವ ಬೆಳಕೂ ದಾರಿಯಲ್ಲಿ ಕ್ಷೀಣಿಸುತ್ತವೆ. ಚೆದುರಿದ ಬೆಳಕಿನ ಒಂದು ಪಾಲು ಹಿಂದಕ್ಕೆ ಬಂದು ಚಾಲಕನ ಕಣ್ಣ ಮುಂದೆ ಬಿಳಿಯ ಪರದೆಯಾಗುತ್ತದೆ. ಇದಕ್ಕೆ ಹಿಂಚದುರಿಕೆ ಎನ್ನಬಹುದು. ಗೋಚರತೆ 50 ಮೀಟರ್ ಇರುವ ಕಾವಳವನ್ನು ತೆಗೆದುಕೊಂಡು, ಬೆಳಕು ದೂರದೊಂದಿಗೆ ಘಾತೀಯವಾಗಿ ಕ್ಷೀಣಿಸುತ್ತದೆ ಎಂಬ ನಿಯಮದಂತೆ ಲೆಕ್ಕ ಹಾಕಿದರೆ, 25 ಮೀಟರ್ ದೂರದ ವಸ್ತುವನ್ನು ತಲುಪುವ ಹೊತ್ತಿಗೆ ಸುಮಾರು ಶೇ. 22ರಷ್ಟು ಬೆಳಕು ಉಳಿದಿರುತ್ತದೆ, ಹೋಗಿಬರುವ ದಾರಿ ಮುಗಿಯುವ ಹೊತ್ತಿಗೆ ಶೇ. 5 ಮಾತ್ರ. ಅದೇ ಕಾವಳದಲ್ಲಿ ನೋಟವನ್ನು 25ರಿಂದ 30 ಮೀಟರಿಗೆ, ಅಂದರೆ ಕೇವಲ 5 ಮೀಟರ್ ಮುಂದಕ್ಕೆ ಚಾಚಬೇಕಾದರೆ ದೂರದಿಂದಾಗುವ ಹರಡಿಕೆಯನ್ನೂ ಸೇರಿಸಿ ಸುಮಾರು 2.6 ಪಟ್ಟು ಬೆಳಕು ಬೇಕಾಗುತ್ತದೆ. ಬೆಳಕನ್ನು ಅಷ್ಟು ಹೆಚ್ಚಿಸಿದಾಗ ಕಣ್ಣಿಗೆ ಮರಳುವ ಬಿಳಿಯ ಪರದೆಯೂ ಅಷ್ಟೇ ಪಟ್ಟು ಪ್ರಖರವಾಗುವುದರಿಂದ ಲಾಭ ಬಹುಪಾಲು ಅಲ್ಲೇ ಕರಗುತ್ತದೆ. ವ್ಯಾಟ್ ಹೆಚ್ಚಿಸಿ ಕಾವಳವನ್ನು ಗೆಲ್ಲಬಹುದೆಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಹಳದಿ ಬೆಳಕಿನ ವಾದ

ಹಳದಿ ಬೆಳಕು ಮಂಜನ್ನು ಭೇದಿಸುತ್ತದೆ ಎಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ಅದರ ಮೂಲದಲ್ಲಿರುವುದು ಆಕಾಶದ ನೀಲಿಯನ್ನು ವಿವರಿಸುವ ರ‍್ಯಾಲೆ ನಿಯಮ: ಬೆಳಕಿನ ತರಂಗಾಂತರಕ್ಕಿಂತ ಬಹಳ ಸಣ್ಣದಾದ ಕಣಗಳು, ಉದಾಹರಣೆಗೆ ಗಾಳಿಯ ಅಣುಗಳು, ನೀಲಿಯನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚೆದುರಿಸುತ್ತವೆ. ಬೆಂಗಳೂರಿಗೆ ಬರುವ ಮುಂಚೆ ಸಿ. ವಿ. ರಾಮನ್ ಕಡಲಿನ ನೀಲಿಯನ್ನು ಶೋಧಿಸಿದ್ದು ಇದೇ ಅಣುಮಟ್ಟದ ಚದುರಿಕೆಯ ಅಧ್ಯಯನದ ಭಾಗವಾಗಿ. ಆದರೆ ಕಾವಳದ ಹನಿ ಅಣುವಿನಂತಲ್ಲ; ಗೋಚರ ಬೆಳಕಿನ ತರಂಗಾಂತರ 0.4ರಿಂದ 0.7 ಮೈಕ್ರಾನ್ ಇದ್ದರೆ, ಹನಿಗಳ ವ್ಯಾಸ ಸಾಮಾನ್ಯವಾಗಿ ಕೆಲವು ಮೈಕ್ರಾನ್‌ಗಳಿಂದ ಹಲವು ಹತ್ತು ಮೈಕ್ರಾನ್‌ಗಳವರೆಗೆ ಇರುತ್ತದೆ. ಇಷ್ಟು ದೊಡ್ಡ ಹನಿ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚೆದುರಿಸುತ್ತದೆ, ಕಾವಳ ಬೆಳ್ಳಗೆ ಕಾಣುವುದೇ ಅದಕ್ಕೆ ಪುರಾವೆ. ಹೊಗೆಯ ಕಣಗಳು ಹನಿಗಳಿಗಿಂತ ಬಹಳ ಸಣ್ಣವಾದ್ದರಿಂದ ಹೊಗೆ ಬೆರೆತ ಮಬ್ಬಿನಲ್ಲಿ ಬಣ್ಣಕ್ಕೆ ಸ್ವಲ್ಪ ಮಟ್ಟಿನ ಅರ್ಥವಿದೆ. ಕಲ್ಲಿದ್ದಲಿನ ಹೊಗೆ ತುಂಬಿದ ಯುರೋಪಿನ ನಗರಗಳಲ್ಲಿ ಹಳದಿ ದೀಪದ ಕೀರ್ತಿ ಬೆಳೆಯಲು ಇದೂ ನೆರವಾಗಿರುವುದು ಸಾಧ್ಯ. ಆಗುಂಬೆಯ ಮೋಡಕ್ಕೆ ಅದು ಅನ್ವಯಿಸುವುದಿಲ್ಲ.

ಫ್ರಾನ್ಸ್ ದೇಶ 1936ರ ಆದೇಶದ ಮೂಲಕ ಹೊಸ ಕಾರುಗಳಿಗೆ ಆಯ್ದ ಹಳದಿ ಬೆಳಕನ್ನು, ಅಂದರೆ ನೀಲಿ ಮತ್ತು ನೇರಳೆಯ ಭಾಗವನ್ನು ಸೋಸಿದ ಬೆಳಕನ್ನು, ಕಡ್ಡಾಯ ಮಾಡಿ 1993ರವರೆಗೆ ಉಳಿಸಿಕೊಂಡಿತು. ನೀಲಿಯ ಭಾಗ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ ಎಂಬ ವಾದಕ್ಕೆ ಬೆಂಬಲವಿದೆ. ಎದುರು ಬರುವ ಚಾಲಕನಿಗೂ ದೀಪದ ಹಿಂದಿರುವ ಚಾಲಕನಿಗೂ ಹಳದಿ ಬೆಳಕು ಕಡಿಮೆ ಆಯಾಸ ತರಬಹುದು. ಆದರೆ ಹಳದಿ ಗಾಜು ಬೆಳಕಿನ ಒಂದು ಪಾಲನ್ನು ತಾನೇ ಹೀರಿಕೊಳ್ಳುತ್ತದೆ, ಮತ್ತು ಬಣ್ಣವೊಂದರಿಂದಲೇ ಕಾವಳದಲ್ಲಿ ನೋಟದ ದೂರ ಬೆಳೆಯುತ್ತದೆಂದು ಹೇಳಲು ಆಧಾರವಿಲ್ಲ. ಆದ್ದರಿಂದ 1930ರ ದಶಕದ ಕಾರಿಗೆ ಹಳದಿ ಗಾಜು ಕಾಲಕ್ಕೆ ಒಪ್ಪುವ, ಕಣ್ಣಿಗೆ ಹಿತವಾದ ಆಯ್ಕೆ. ಬಿಳಿ ಗಾಜಿನ ಒಳ್ಳೆಯ ದೀಪವನ್ನು ತೆಗೆದು ಹಾಕಲು ಅದು ಕಾರಣವಾಗಬಾರದು.

ಕಿರಣದ ಆಕಾರ ಮತ್ತು ದೀಪದ ಎತ್ತರ

ಚಾಲಕನ ಕಣ್ಣಿನ ಮಟ್ಟದಲ್ಲಿರುವ ಕಾವಳಕ್ಕೆ ಬೆಳಕು ತಾಗದಿದ್ದರೆ ಅಲ್ಲಿಂದ ಬಿಳಿಯ ಪರದೆ ಏಳುವುದಿಲ್ಲ. ಇದೇ ಮಂಜುದೀಪದ ಮೂಲ ತತ್ವ. ಅದಕ್ಕಾಗಿ ದೀಪವನ್ನು ಕೆಳಗಿಡಬೇಕು, ಕಿರಣದ ಮೇಲಂಚು ಚೂಪಾಗಿ ಮುಗಿಯಬೇಕು, ಬದಿಗಳಿಗೆ ಮಾತ್ರ ಬೆಳಕು ಅಗಲವಾಗಿ ಹರಡಬೇಕು. ಹಳೆಯ ತಯಾರಕರು ಇದನ್ನು ಮೂರು ಉಪಾಯಗಳಿಂದ ಸಾಧಿಸಿದರು: ಬಲ್ಬಿನ ಮುಂದೆ ಚಿಕ್ಕ ಮುಸುಕನ್ನಿಟ್ಟು ಪ್ರತಿಫಲಕಕ್ಕೆ ತಾಗದೆ ನೇರವಾಗಿ ಹೊರಬೀಳುವ ಬೆಳಕನ್ನು ತಡೆದರು, ಗಾಜಿನ ಮೇಲೆ ಲಂಬವಾದ ಗೀರುಗಳನ್ನು ಎರಕ ಹೊಯ್ದು ಕಿರಣವನ್ನು ಅಡ್ಡಕ್ಕೆ ಹರಡಿದರು, ತಂತುವನ್ನು ನಾಭಿಗೆ ತಕ್ಕ ಸ್ಥಾನದಲ್ಲಿ ನಿಲ್ಲಿಸಿ ಮೇಲಂಚನ್ನು ಹರಿತಗೊಳಿಸಿದರು. ಮುಸುಕು ಕಳೆದುಹೋದ, ಗಾಜು ತಲೆಕೆಳಗಾಗಿ ಕೂತ ಅಥವಾ ಬೇರೆ ಅಳತೆಯ ಬಲ್ಬು ಹಾಕಿದ ದೀಪ ಹೊರಗಿನಿಂದ ಎಷ್ಟೇ ಮಿನುಗಿದರೂ ಮಂಜುದೀಪವಾಗಿ ಉಳಿದಿರುವುದಿಲ್ಲ.

ಎತ್ತರದ ಲೆಕ್ಕ ಸರಳವಾಗಿದೆ. ನೆಲದಿಂದ 50 ಸೆಂಟಿಮೀಟರ್ ಮೇಲಿರುವ ದೀಪದ ಮೇಲಂಚನ್ನು ಶೇ. 2ರಷ್ಟು, ಅಂದರೆ ಮೀಟರಿಗೆ 2 ಸೆಂಟಿಮೀಟರಿನಂತೆ ಕೆಳಕ್ಕೆ ಬಾಗಿಸಿದರೆ ಅದು 25 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಹಳೆಯ ಕಾರುಗಳಿಗೆ ಇಲ್ಲೊಂದು ಅನುಕೂಲವಿದೆ: ಅವುಗಳ ಆಸನ ಎತ್ತರವಾಗಿದ್ದು, ಚಾಸಿಯ ಮುಂದಿನ ಕೊಂಬುಗಳು ತಗ್ಗಾಗಿರುವುದರಿಂದ ಕಣ್ಣಿಗೂ ದೀಪಕ್ಕೂ ಒಂದು ಮೀಟರಿನಷ್ಟು ಅಂತರ ದೊರೆಯುತ್ತದೆ, ಮತ್ತು ಈ ಅಂತರ ಹೆಚ್ಚಿದಷ್ಟೂ ಹಿಂಚದುರಿಕೆಯ ಕಾಟ ತಗ್ಗುತ್ತದೆ. ದೀಪವನ್ನು ಅಂದಕ್ಕಾಗಿ ರೇಡಿಯೇಟರಿನ ಪಕ್ಕಕ್ಕೆ, ಮುಂದೀಪದ ಮಟ್ಟಕ್ಕೆ ಏರಿಸುವವರು ಈ ಲಾಭವನ್ನು ಕೈಯಾರೆ ಬಿಟ್ಟುಕೊಡುತ್ತಾರೆ. ಒಂದೇ ದೀಪವಿದ್ದರೆ, ಎಡಬದಿಯ ಸಂಚಾರವಿರುವ ಭಾರತದಲ್ಲಿ ಅದನ್ನು ಎಡಕ್ಕೆ ಕೂರಿಸಿ ರಸ್ತೆಯ ಎಡ ಅಂಚನ್ನು ಬೆಳಗಿಸುವುದು ಸೂಕ್ತ. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಂತೂ ದೂರಕ್ಕೆ ಚಾಚುವ ಕಿರಣ ಬರಿಗಾಳಿಯನ್ನು ಬೆಳಗಿಸುತ್ತದೆ. ಬದಿಗೆ ಹರಡುವ ಕಿರಣ ಮಾತ್ರ ತಿರುವಿನ ಒಳ ಅಂಚನ್ನು ತೋರಿಸುತ್ತದೆ.

ವಿದ್ಯುತ್ತು, ಬೆಳ್ಳಿ ಮತ್ತು ಬೆಂಗಳೂರಿನ ಕೈಕೆಲಸ

ಮಹಾಯುದ್ಧಪೂರ್ವದ ಅನೇಕ ಸಣ್ಣ ಕಾರುಗಳದು 6 ವೋಲ್ಟ್ ವ್ಯವಸ್ಥೆ, ಅವುಗಳ ಡೈನಮೊ ಹತ್ತು ಆಂಪಿಯರ್ ಆಸುಪಾಸಿನಲ್ಲೇ ಸುಸ್ತಾಗುವಂಥದು. 36 ವ್ಯಾಟ್‌ನ ಒಂದು ದೀಪ 6 ವೋಲ್ಟಿನಲ್ಲಿ 6 ಆಂಪಿಯರ್ ಎಳೆಯುತ್ತದೆ. ತಂತುದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಬದಲಾಗುವುದರಿಂದ, ಹಳಸಿದ ವೈರು ಮತ್ತು ತುಕ್ಕು ಹಿಡಿದ ಅರ್ಥಿಂಗ್‌ನಲ್ಲಿ ಅರ್ಧ ವೋಲ್ಟ್ ಕಳೆದುಹೋದರೆ ನಾಲ್ಕನೆಯ ಒಂದು ಪಾಲು ಬೆಳಕು ಹೋದಂತೆಯೇ. ಅದೇ ವೈರಿನಲ್ಲಿ ಅಷ್ಟೇ ವ್ಯಾಟಿನ 12 ವೋಲ್ಟ್ ದೀಪಕ್ಕಾಗುವ ನಷ್ಟ ಶೇ. 7ರಷ್ಟು ಮಾತ್ರ. ಹೀಗಾಗಿ 6 ವೋಲ್ಟ್ ಕಾರಿನ ಮಂಜುದೀಪ ಮಂದವಾಗಿದೆ ಎಂಬ ದೂರು ಬಂದಾಗ ಮೊದಲು ಅಳೆಯಬೇಕಾದದ್ದು ಬಲ್ಬಿನ ತುದಿಯಲ್ಲಿನ ವೋಲ್ಟೇಜ್. ದಪ್ಪ ವೈರು, ಪ್ರತ್ಯೇಕ ಫ್ಯೂಸ್ ಮತ್ತು ರಿಲೇ ಹಾಕುವ ಸಣ್ಣ ಕೆಲಸ ಹೊಸ ದೀಪ ಕೊಳ್ಳುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಮುಂದೀಪ ಮತ್ತು ಮಂಜುದೀಪ ಎರಡನ್ನೂ ಒಟ್ಟಿಗೆ ಉರಿಸಿದರೆ ಡೈನಮೊ ಸೋತು ಬ್ಯಾಟರಿ ಬರಿದಾಗುವುದರಿಂದ, ಕಾವಳದಲ್ಲಿ ಮುಂದೀಪ ಆರಿಸುವಂತೆ ಸ್ವಿಚ್ ಜೋಡಿಸುವುದು ಬೆಳಕಿನ ದೃಷ್ಟಿಯಿಂದಲೂ ವಿದ್ಯುತ್ತಿನ ದೃಷ್ಟಿಯಿಂದಲೂ ಸರಿಯಾದ ಕ್ರಮ.

ಎರಡನೆಯ ನಷ್ಟ ಪ್ರತಿಫಲಕದಲ್ಲಾಗುತ್ತದೆ. ಹಳೆಯ ದೀಪಗಳ ಹಿತ್ತಾಳೆಯ ಬಟ್ಟಲಿಗೆ ಬೆಳ್ಳಿಯ ಲೇಪನವಿರುತ್ತಿತ್ತು. ಹೊಳಪಿನ ಬೆಳ್ಳಿ ಗೋಚರ ಬೆಳಕಿನ ಶೇ. 90ಕ್ಕಿಂತ ಹೆಚ್ಚನ್ನು ಹಿಂದಿರುಗಿಸಿದರೆ, ಕ್ರೋಮಿಯಂ ಹಿಂದಿರುಗಿಸುವುದು ಶೇ. 65ರ ಆಸುಪಾಸನ್ನು ಮಾತ್ರ. ಬಂಪರಿನ ಜೊತೆಗೆ ಪ್ರತಿಫಲಕಕ್ಕೂ ಕ್ರೋಮ್ ಹಾಕಿಸುವ ರೂಢಿಯಿಂದ ಕಣ್ಣಿಗೆ ಕನ್ನಡಿಯಂತೆ ಕಾಣುವ, ಕೆಲಸಕ್ಕೆ ಮಂಕಾದ ದೀಪ ತಯಾರಾಗುತ್ತದೆ. ಬೆಳ್ಳಿಗೆ ಗಂಧಕದ ಅನಿಲಗಳೇ ಶತ್ರು; ಕೊಳಚೆ ಹರಿಯುವ ವೃಷಭಾವತಿಯ ಬದಿಯ ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಅದನ್ನು ಬೇಗ ಕಪ್ಪಾಗಿಸುತ್ತದೆ, ಆದ್ದರಿಂದ ಬೆಳ್ಳಿಯ ಲೇಪನದಷ್ಟೇ ದೀಪದ ಸುತ್ತಿನ ಗ್ಯಾಸ್ಕೆಟ್ಟೂ ಮುಖ್ಯ. ಗಾಳಿ ತೆಗೆದ ಕೋಶದಲ್ಲಿ ಅಲ್ಯೂಮಿನಿಯಂ ಆವಿಯ ಲೇಪನ ಮಾಡಿಸುವುದು ಇನ್ನೊಂದು ದಾರಿ. ಅದರ ಹೊಳಪು ಬೆಳ್ಳಿಗಿಂತ ತುಸು ಕಡಿಮೆಯಾದರೂ ಬಾಳಿಕೆ ಹೆಚ್ಚು. ಇನ್ನು ಹಳೆಯ ದೀಪದೊಳಗೆ ಎಲ್‌ಇಡಿ ಬಲ್ಬು ತೂರಿಸುವುದು ಕರೆಂಟನ್ನು ಉಳಿಸುತ್ತದೆ ನಿಜ, ಆದರೆ ಬೆಳಕು ಹುಟ್ಟುವ ಜಾಗ ತಂತುವಿನ ಜಾಗಕ್ಕೆ ಸರಿಹೊಂದದಿದ್ದರೆ ಮೇಲಂಚು ಕದಡಿ, ಬೆಳಕು ಮೇಲಕ್ಕೆ ಚಿಮ್ಮುತ್ತದೆ. ಧನ ಧ್ರುವವನ್ನು ಚಾಸಿಗೆ ಜೋಡಿಸಿದ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಧ್ರುವ ತಪ್ಪಿದ ಎಲ್‌ಇಡಿ ಉರಿಯುವುದೂ ಇಲ್ಲ.

ಈ ಕೈಕೆಲಸಕ್ಕೆ ಚಾರಿತ್ರಿಕ ಮಹತ್ವವೂ ಇದೆ. 1930ರ ದಶಕದ ನಡುಭಾಗದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯ ಯೋಜನೆ ರೂಪಿಸಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಅದನ್ನು ಬೆಂಗಳೂರಿಗೆ ತರಲು ಬಯಸಿದರೂ ಬ್ರಿಟಿಷ್ ಸರ್ಕಾರದ ಸಹಕಾರ ದೊರೆಯದೆ ಅದು ಕೈಗೂಡಲಿಲ್ಲ. ಮೈಸೂರು ಸೀಮೆಯ ಆ ಕಾಲದ ಕಾರುಗಳೂ ದೀಪಗಳೂ ಪರದೇಶದ ಹವೆಗೆ ಹೊಂದುವಂತೆ ತಯಾರಾಗಿ ಇಲ್ಲಿಗೆ ಬಂದವು. ಅವನ್ನು ಇಲ್ಲಿನ ಮಳೆ, ಧೂಳು, ಘಟ್ಟಗಳಿಗೆ ಒಗ್ಗಿಸಿದವರು ಇಲ್ಲಿನ ಮೆಕ್ಯಾನಿಕ್ಕುಗಳು.

ಪರೀಕ್ಷೆಯ ಕ್ರಮ

ವಾಹನದ ದೀಪಗಳನ್ನು ಪ್ರಯೋಗಾಲಯದಲ್ಲಿ ತಿರುಗುವ ಪೀಠದ ಮೇಲಿಟ್ಟು ಪ್ರತಿ ಕೋನದಲ್ಲೂ ಬೆಳಕಿನ ತೀವ್ರತೆಯನ್ನು ಅಳೆಯುತ್ತಾರೆ. ಹಳೆಯ ಕಾರಿನ ಗ್ಯಾರೇಜಿಗೆ ಅಷ್ಟು ಸಾಧನ ಬೇಕಿಲ್ಲ. ಸಮತಟ್ಟಾದ ನೆಲದಲ್ಲಿ ಬಿಳಿಯ ಗೋಡೆಯಿಂದ ಏಳೂವರೆ ಮೀಟರ್ ದೂರಕ್ಕೆ ಕಾರನ್ನು ನಿಲ್ಲಿಸಿ, ಬಲ್ಬಿನ ತುದಿಯ ವೋಲ್ಟೇಜನ್ನು ಬರೆದುಕೊಂಡು, ದೀಪದ ಮಧ್ಯದ ಎತ್ತರವನ್ನು ಗೋಡೆಯ ಮೇಲೆ ಗುರುತಿಸಬೇಕು. ಕಿರಣದ ಮೇಲಂಚು ಆ ಗುರುತಿಗಿಂತ 15 ಸೆಂಟಿಮೀಟರ್ ಕೆಳಗೆ ಅಡ್ಡಗೆರೆಯಂತೆ ಕಾಣಬೇಕು. ಗೆರೆಯ ಕೆಳಗಿನ ಬೆಳಕನ್ನೂ ಮೇಲಿನ ಸೋರಿಕೆಯನ್ನೂ ಲಕ್ಸ್ ಮೀಟರಿನಿಂದ ಅಳೆದು ಅವುಗಳ ಅನುಪಾತ ತೆಗೆದರೆ ಅದೇ ದೀಪದ ನಿಜವಾದ ಅಂಕ. ಕೆಳಗೆ ಹೆಚ್ಚು, ಮೇಲೆ ಅತ್ಯಲ್ಪ ಇರುವ ದೀಪ ಕಡಿಮೆ ವ್ಯಾಟಿನದಾದರೂ ಮೇಲು. ಎರಡು ದೀಪಗಳನ್ನು ಹೋಲಿಸುವಾಗ ವೋಲ್ಟೇಜ್, ಎತ್ತರ, ದೂರಗಳು ಒಂದೇ ಆಗಿರಬೇಕು. ಕೊನೆಯಲ್ಲಿ ಬೇರೆ ವಾಹನಗಳ ಓಡಾಟವಿಲ್ಲದ ಸುರಕ್ಷಿತ ಜಾಗದಲ್ಲಿ ನಿಜವಾದ ಕಾವಳದ ಬೆಳಗಿನಲ್ಲಿ, ನಿಗದಿತ ದೂರಗಳಲ್ಲಿಟ್ಟ ಬೂದುಬಣ್ಣದ ಹಲಗೆಗಳು ಎಲ್ಲಿಯವರೆಗೆ ಕಾಣುತ್ತವೆ ಎಂದು ನೋಡಿದರೆ ಗೋಡೆಯ ಫಲಿತಾಂಶಕ್ಕೆ ದೃಢೀಕರಣ ಸಿಗುತ್ತದೆ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇತ್ತೀಚಿನ ವರ್ಷಗಳಲ್ಲಿ ಬೆಳಕಿನ ಮೂಲವನ್ನು ನಿಯತ ಲಯದಲ್ಲಿ ಏರಿಳಿಸಿ, ಕ್ಯಾಮೆರಾದ ಚಿತ್ರಗಳಿಂದ ಅದೇ ಲಯದ ಬೆಳಕನ್ನು ಮಾತ್ರ ಬೇರ್ಪಡಿಸಿ ಮಂಜಿನಾಚೆಗಿನ ಮೂಲವನ್ನು ಸ್ಪಷ್ಟವಾಗಿ ಕಾಣಿಸುವ ವಿಧಾನದ ಮೇಲೆ ಕೆಲಸ ಮಾಡಿದ್ದಾರೆ. ಚೆದುರಿದ ಬೆಳಕನ್ನು ಬೇಕಾದ ಬೆಳಕಿನಿಂದ ಬೇರ್ಪಡಿಸುವುದೇ ಅಲ್ಲಿಯೂ ಗುರಿ. 1930ರ ದಶಕದ ದೀಪ ತಯಾರಕರು ಮುಸುಕು ಮತ್ತು ಗೀರುಗಾಜಿನಿಂದ ಆ ಗುರಿಯತ್ತ ಮೊದಲ ಹೆಜ್ಜೆಗಳನ್ನಿಟ್ಟಿದ್ದರು.

ಮಿತಿ ಮತ್ತು ತೀರ್ಮಾನ

ಯಾವ ಮಂಜುದೀಪವೂ ವೇಗಕ್ಕೆ ಅನುಮತಿ ಕೊಡುವುದಿಲ್ಲ. ಹಳೆಯ ಬ್ರೇಕುಗಳು ಒದ್ದೆ ರಸ್ತೆಯಲ್ಲಿ ಪ್ರತಿ ಸೆಕೆಂಡಿನಲ್ಲೂ ವೇಗವನ್ನು ಸೆಕೆಂಡಿಗೆ 3 ಮೀಟರಿನಷ್ಟು ತಗ್ಗಿಸುತ್ತವೆ ಎಂದೂ ಚಾಲಕ ಎಚ್ಚೆತ್ತು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಬೇಕೆಂದೂ ಇಟ್ಟುಕೊಂಡರೆ, ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ನಿಲ್ಲಲು 24 ಮೀಟರ್, 40ರಲ್ಲಿ 37 ಮೀಟರ್, 60ರಲ್ಲಿ 71 ಮೀಟರ್ ಬೇಕಾಗುತ್ತದೆ. 25 ಮೀಟರ್ ತೋರಿಸುವ ದೀಪದ ಹಿಂದೆ 30ಕ್ಕಿಂತ ಹೆಚ್ಚಿನ ವೇಗಕ್ಕೆ ಸಮರ್ಥನೆಯಿಲ್ಲ. ಕಾಣುವುದರಷ್ಟೇ ಕಾಣಿಸಿಕೊಳ್ಳುವುದೂ ಮುಖ್ಯ; ಹಿಂದೀಪದ ಬೆಳಕು ನೋಡುವವನ ಕಣ್ಣಿಗೆ ಒಂದೇ ದಾರಿ ಸಾಗಬೇಕಾದ್ದರಿಂದ ಅದು ಕಾವಳದಲ್ಲೂ ಹೆಚ್ಚು ದೂರಕ್ಕೆ ಕಾಣುತ್ತದೆ, ಮತ್ತು ಹಳೆಯ ಕಾರಿನ ಒಂಟಿ ಮಂದ ಹಿಂದೀಪವನ್ನು ಬಲಪಡಿಸುವುದು ಮುಂದೆ ಇನ್ನೊಂದು ದೀಪ ಸೇರಿಸುವುದಕ್ಕಿಂತ ಜೀವ ಉಳಿಸುವ ಕೆಲಸ.

ಮೂಲರೂಪದ ಪ್ರಶ್ನೆಯನ್ನೂ ಇದರೊಂದಿಗೆ ತೂಗಬೇಕು. 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿ 50 ವರ್ಷಕ್ಕಿಂತ ಹಳೆಯದಾಗಿ, ಮೂಲ ಸ್ವರೂಪದಲ್ಲಿ ಉಳಿದಿರುವ ವಾಹನಗಳಿಗೆ ವಿಂಟೇಜ್ ನೋಂದಣಿ ನೀಡಿ, ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಉದ್ದೇಶಗಳಿಗೆ ರಸ್ತೆಗಿಳಿಯಲು ಅವಕಾಶ ಮಾಡಿದೆ. ರ‍್ಯಾಲಿಗಳು ಮುಂಜಾನೆ ಹೊರಡುವ ರೂಢಿ ಇರುವುದರಿಂದ ಚಳಿಗಾಲದ ಕಾವಳವನ್ನು ಈ ಕಾರುಗಳು ಎದುರಿಸುವುದು ಖಚಿತ. ಮೂಲದೀಪವನ್ನು ಕಿತ್ತೆಸೆಯದೆ, ಅದರ ಮುಸುಕು, ಗಾಜು, ಬೆಳ್ಳಿ, ವೈರುಗಳನ್ನು ಸರಿಪಡಿಸಿ, ಸರಿಯಾದ ಎತ್ತರಕ್ಕೆ ಇಳಿಸಿ, ಗೋಡೆಯ ಮೇಲೆ ಅಳೆದು ಬಳಸುವುದರಿಂದ ಪರಂಪರೆಯೂ ಸುರಕ್ಷತೆಯೂ ಒಟ್ಟಿಗೆ ಉಳಿಯುತ್ತವೆ. ಪಶ್ಚಿಮ ಬೆಂಗಳೂರಿನ ಗ್ಯಾರೇಜುಗಳು ಇಂಥ ಅಳತೆಗಳನ್ನು ಪ್ರತಿ ದೀಪಕ್ಕೂ ಬರೆದಿಟ್ಟು ಪರಸ್ಪರ ಹಂಚಿಕೊಂಡರೆ, ಕರ್ನಾಟಕದ ಕಾವಳಕ್ಕೆ ಯಾವ ಹಳೆಯ ದೀಪ ಹೊಂದುತ್ತದೆ ಎಂಬ ಪ್ರಶ್ನೆಗೆ ಕಂಪನಿಯ ಹೆಸರಿನ ಮೇಲಲ್ಲದೆ ಅಳತೆಯ ಮೇಲೆ ನಿಂತ, ಕನ್ನಡದಲ್ಲೇ ದಾಖಲಾದ ಉತ್ತರ ಸಿದ್ಧವಾಗುತ್ತದೆ.